ವಿಡಿಯೊ ನೋಡಿದರೆ ಅರ್ಥವಾಗುತ್ತೆ, ಬರೆಯಲು ಕೂತರೆ ಬರಲ್ಲ

ಪ್ರಶ್ನೆ: ಕೆಲವು ತಿಂಗಳಿಂದ ಯೂಟ್ಯೂಬ್ ನೋಡಿ ವೆಬ್ ಪುಟದ ರಚನೆ ಬರೆಯುವ ಎಚ್‌ಟಿಎಂಎಲ್, ಅದರ ರೂಪ ತಿದ್ದುವ ಸಿಎಸ್‌ಎಸ್ ಕಲಿಯುತ್ತಿದ್ದೇನೆ. ವಿಡಿಯೊ ಜೊತೆ ಬರೆದರೆ ಪುಟ ಸರಿಯಾಗಿ ಬರುತ್ತದೆ, ಒಬ್ಬನೇ ಕೂತರೆ ಕೈ ಓಡುವುದಿಲ್ಲ. ಹೇಗೋ ಒಂದು ಪುಟ ಮಾಡಿ ಪುಟಗಳನ್ನು ಅಂತರ್ಜಾಲದಲ್ಲಿ ತೋರಿಸುವ ಗಿಟ್‌ಹಬ್ ಪೇಜಸ್‌ಗೆ ಹಾಕಿದೆ. ನನ್ನ ಕಂಪ್ಯೂಟರ್‌ನಲ್ಲೇ ಪುಟ ತೋರಿಸುವ ಲೈವ್ ಸರ್ವರ್‌ನಲ್ಲಿ ಕಾಣುತ್ತಿದ್ದ ಚಿತ್ರಗಳು ಅಲ್ಲಿ ಮಾಯ. ಮೊಬೈಲ್‌ನಲ್ಲಿ ಅಕ್ಷರವೂ ತೀರಾ ಚಿಕ್ಕದು. ಬೇರೆ ಕೋರ್ಸ್ ಸೇರಲೇ?

ಉತ್ತರ: ಸದ್ಯಕ್ಕೆ ಬೇಡ. ಈ ಎರಡು ತೊಂದರೆಗಳನ್ನು ನೀವೇ ಬಿಡಿಸಿಕೊಂಡರೆ ಇನ್ನೊಂದು ಕೋರ್ಸ್‌ಗಿಂತ ಹೆಚ್ಚು ಕಲಿಯುತ್ತೀರಿ.

ಪುಟ ತೆರೆದು ಎಫ್12 ಒತ್ತಿ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್ ನೋಡಿ. ಚಿತ್ರದ ವಿಳಾಸದ ಜೊತೆ 404 ಎಂದಿದ್ದರೆ ಆ ಜಾಗದಲ್ಲಿ ಫೈಲ್ ಇಲ್ಲ. ಫೈಲ್ ಏರಿಸಿದ್ದೀರಿ ಎಂಬುದು ಖಚಿತವಾಗಿದ್ದರೆ ಮೊದಲು ಹೆಸರಿನ ಅಕ್ಷರ ಹೋಲಿಸಿ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ; ಗಿಟ್‌ಹಬ್ ಪೇಜಸ್‌ಗೆ ಬೇರೆ ಬೇರೆ. ಕ್ಯಾಮೆರಾದಿಂದ ಬಂದ ಫೈಲ್‌ಗಳ ಕೊನೆಯ ಜೆಪಿಜಿ ಎಷ್ಟೋ ಸಲ ದೊಡ್ಡಕ್ಷರದಲ್ಲಿರುತ್ತದೆ, ಎಡವುವುದು ಅಲ್ಲೇ. ಅದು ಸರಿಯಿದ್ದರೆ ವಿಳಾಸ ಓರೆಗೆರೆಯಿಂದ ಶುರುವಾಗಿದೆಯೇ ನೋಡಿ. ಆ ಗೆರೆ ಇದ್ದರೆ ಬ್ರೌಸರ್ ಸೈಟಿನ ಬುಡದಿಂದ ಹುಡುಕುತ್ತದೆ, ನಿಮ್ಮ ಪುಟವೋ ರೆಪೊಸಿಟರಿ (ಗಿಟ್‌ಹಬ್‌ನಲ್ಲಿ ನಿಮ್ಮ ಫೈಲ್‌ಗಳಿರುವ ಜಾಗ) ಹೆಸರಿನ ಫೋಲ್ಡರ್ ಒಳಗಿರುತ್ತದೆ. ಗೆರೆ ತೆಗೆದರೆ ಸಾಕು.

ಮೊಬೈಲ್‌ನದು ಪುಟದ ಅಗಲ ಎಷ್ಟೆಂದು ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಬಿಟ್ಟುಹೋದ ಲಕ್ಷಣ. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಎಣಿಸಿ ಕುಗ್ಗಿಸಿ ತೋರಿಸುತ್ತದೆ. ಹೆಡ್ ಭಾಗದಲ್ಲಿ ಆ ಟ್ಯಾಗ್ ಹಾಕಿ, ವಿಡ್ತ್‌ಗೆ ಡಿವೈಸ್-ವಿಡ್ತ್, ಇನಿಶಿಯಲ್-ಸ್ಕೇಲ್‌ಗೆ 1 ಕೊಡಿ. ಆಮೇಲೆ ಪುಟ ಅಡ್ಡಡ್ಡ ಸರಿಯತೊಡಗಿದರೆ ಗಾಬರಿ ಬೇಡ: 100% ಅಗಲದ ಪೆಟ್ಟಿಗೆಗೆ ಎರಡೂ ಬದಿ 20 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಅಂಚು) ಕೊಟ್ಟರೆ ಅದು 40 ಪಿಕ್ಸೆಲ್ ಹೊರಚಾಚುತ್ತದೆ. ಸಿಎಸ್‌ಎಸ್‌ನಲ್ಲಿ ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಕೊಟ್ಟರೆ ಪ್ಯಾಡಿಂಗ್ ಅಗಲದೊಳಗೇ ಸೇರಿಕೊಳ್ಳುತ್ತದೆ.

ಇನ್ನು ಕೈ ಓಡದ ವಿಷಯ. ಮುಂದೇನು ಬರೆಯಬೇಕೆಂದು ವಿಡಿಯೊದಲ್ಲಿ ಬೇರೆಯವರು ತೀರ್ಮಾನಿಸಿರುತ್ತಾರೆ; ನಿಮಗೆ ರೂಢಿಯಾಗಿರುವುದು ಟೈಪಿಂಗ್ ಮಾತ್ರ. ಪಾಠ ಮುಗಿದ ಮರುದಿನ ವಿಡಿಯೊ ತೆರೆಯದೆ ಅದೇ ಪುಟವನ್ನು ಖಾಲಿ ಫೈಲಿನಿಂದ ಕಟ್ಟಿ. ಮೊದಲು ಕಾಗದದಲ್ಲಿ ಪೆಟ್ಟಿಗೆಗಳನ್ನು ಗೀಚಿ, ಎಚ್‌ಟಿಎಂಎಲ್ ಪೂರ್ತಿ ಮುಗಿಸಿ, ಆಮೇಲಷ್ಟೇ ಸಿಎಸ್‌ಎಸ್ ಮುಟ್ಟಿ. ಸಿಕ್ಕಿಕೊಂಡಾಗ ವೆಬ್ ಕೋಡಿನ ಕೈಪಿಡಿಯಂತಿರುವ ಎಂಡಿಎನ್ ತಾಣದಲ್ಲಿ ಆ ಒಂದು ಪ್ರಾಪರ್ಟಿಯ ಪುಟ ಮಾತ್ರ ಓದಿ. ಕೋಡಿಂಗ್ ಕಲಿಸುವ ತಾಣ ಫ್ರೀಕೋಡ್‌ಕ್ಯಾಂಪ್ ಉಚಿತ, ಬರೆದ ಕೋಡನ್ನು ಅಲ್ಲೇ ಪರೀಕ್ಷಿಸುತ್ತದೆ. ಆದರೆ ಅದರ ಹಂತಹಂತದ ಪಾಠಗಳೂ ಕೈ ಹಿಡಿದೇ ನಡೆಸುತ್ತವೆ. ನಿಮಗೆ ಬೇಕಿರುವುದು ಬೇಡಿಕೆಗಳ ಪಟ್ಟಿ ಕೊಟ್ಟು ಸುಮ್ಮನಾಗುವ ಅಲ್ಲಿನ ಪ್ರಾಜೆಕ್ಟ್‌ಗಳು. ಜಾವಾಸ್ಕ್ರಿಪ್ಟ್ ಅವಸರ ಸದ್ಯ ಬೇಡ. ಪೆಟ್ಟಿಗೆಗಳನ್ನು ಸಾಲು ಜೋಡಿಸುವ ಸಿಎಸ್‌ಎಸ್ ವಿಧಾನ ಫ್ಲೆಕ್ಸ್‌ಬಾಕ್ಸ್‌ನಿಂದ ಮೂರು ಕಾರ್ಡ್‌ಗಳನ್ನು ಸಾಲಾಗಿ ನಿಲ್ಲಿಸಿ, ಫೋನಿನಲ್ಲಿ ಒಂದರ ಕೆಳಗೊಂದು ಬರುವಂತೆ ಏನನ್ನೂ ನೋಡದೆ ಮಾಡಲು ಬಂದ ಮೇಲೆ ಶುರುಮಾಡಿ.