ತಲೆಸುತ್ತು ನಿಂತ ಮೇಲೂ ತೋಟದಲ್ಲಿ ವಾಲುವುದು ಯಾಕೆ?

ಒಳಕಿವಿಯ ನರಕ್ಕೆ ಊತ ಬಂದಿದ್ದ ನಿಮ್ಮ ತಾಯಿ ಮನೆಯೊಳಗೆ ಸರಿಯಾಗಿ ನಡೆದರೂ, ಸಂಜೆ ಕಾಫಿ ತೋಟದಲ್ಲಿ ವಾಲುತ್ತಾರೆ, ಇನ್ನೂ ಮಲಗಿರಲಿ ಅನ್ನಬೇಕಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಮಲಗಿಸಿಬಿಡಬೇಡಿ.

ಪೆಟ್ಟಾದ ನರ ಪೂರ್ತಿ ವಾಸಿಯಾಗದೇ ಇರಬಹುದು. ಆದರೂ ಎರಡು ಕಿವಿಗಳು ಕಳಿಸುವ ಸಮತೋಲನದ ಸಂಕೇತದ ವ್ಯತ್ಯಾಸವನ್ನು ಸರಿದೂಗಿಸಲು ಮಿದುಳು ಕಲಿಯುತ್ತದೆ. ಕಣ್ಣು, ಪಾದ ಕೊಡುವ ಮಾಹಿತಿಯನ್ನು ಜಾಸ್ತಿ ನಂಬುತ್ತದೆ. ಕೊಡಗಿನ ಮಂಜು, ಕತ್ತಲೆ, ಇಳಿಜಾರಿನ ಮೆತ್ತನೆ ಮಣ್ಣು ಆ ಎರಡೂ ಆಸರೆಯನ್ನು ಕಿತ್ತುಕೊಳ್ಳುತ್ತವೆ. ಅದಕ್ಕೇ ಅಲ್ಲಿ ವಾಲುವುದು.

ತಲೆ ಅಲ್ಲಾಡಿದರೆ ಮಾತ್ರ ಮಿದುಳಿಗೆ ತನ್ನ ತಪ್ಪು ಗೊತ್ತಾಗುತ್ತದೆ. ಹೆಬ್ಬೆರಳನ್ನೇ ನೋಡುತ್ತಾ ತಲೆ ತಿರುಗಿಸುವಂಥ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ತಲೆಸುತ್ತಿನ ಮಾತ್ರೆ ಮೊದಲ ಕೆಲವು ದಿನಕ್ಕೆ ಸರಿ. ಸುಮ್ನೆ ಮುಂದುವರಿಸಿದರೆ ಕಲಿಕೆಯೇ ನಿಧಾನವಾಗಬಹುದು, ವೈದ್ಯರನ್ನು ಕೇಳಿ. ಮಾತು ತೊದಲಿದರೆ, ಎರಡೆರಡಾಗಿ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.