ಬೆನ್ನಿಗೆ ಕೊಡುವ ಆ ಮದ್ದಿನ ಬಗ್ಗೆ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ನನ್ನ ತಮ್ಮನ ಮಗಳಿಗೆ ಹದಿನಾಲ್ಕು ತಿಂಗಳು. ಕೂರುತ್ತಾಳೆ, ನಿಲ್ಲುವುದಿಲ್ಲ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ನ್ಯೂಸಿನರ್ಸೆನ್ ಎಂಬ ಇಂಜೆಕ್ಷನ್ ಬೆನ್ನಿಗೆ ಕೊಡಬೇಕಂತೆ. ಪೇಪರಿನಲ್ಲಿ ಬರುವ ಹದಿನಾರು ಕೋಟಿಯ ಇಂಜೆಕ್ಷನ್ ಇದೇನಾ? ಕೊಡಿಸಿದರೆ ಕಾಯಿಲೆ ಪೂರ್ತಿ ವಾಸಿಯಾಗುತ್ತದಾ? ಊರಿನಲ್ಲಿ ತೋಟ ಮಾರುವ ಮಾತು ನಡೆದಿದೆ."

ಸಂಪಾದಕರ ಉತ್ತರ:

ಅದಲ್ಲ, ಇದು ಬೇರೆ. ಹದಿನಾರು ಕೋಟಿಯದು ಜೀನ್ ಥೆರಪಿ. ಸರಿಯಾದ ಜೀನಿನ ಪ್ರತಿಯನ್ನು ವೈರಸ್ಸಿನ ಮೂಲಕ ಒಂದೇ ಸಲ ಮೈಗೆ ಸೇರಿಸುತ್ತಾರೆ. ನ್ಯೂಸಿನರ್ಸೆನ್ ಆಂಟಿಸೆನ್ಸ್ ಆಲಿಗೋನ್ಯೂಕ್ಲಿಯೊಟೈಡ್ ಜಾತಿಯ, ಅಂದರೆ ಆರ್‌ಎನ್‌ಎಗೆ ಅಂಟಿಕೊಳ್ಳುವ ಪುಟ್ಟ ಅಕ್ಷರಸರದಂಥ ಮದ್ದು. ಅದು ಜೀನನ್ನು ಮುಟ್ಟುವುದಿಲ್ಲ, ಪ್ರೋಟೀನ್ ಮಾಡಲು ಜೀನಿನಿಂದ ಹೊರಡುವ ನಕಲಾದ ಆರ್‌ಎನ್‌ಎಯನ್ನು ಮಾತ್ರ ತಿದ್ದಿಸುತ್ತದೆ. ಹಾಗಾಗಿ ಅದನ್ನು ಕೊಡುತ್ತಲೇ ಇರಬೇಕು. ತೋಟದ ಲೆಕ್ಕ ಹಾಕುವ ಮೊದಲು ಮನೆಯವರೆಲ್ಲ ತಿಳಿಯಬೇಕಾದ ವಿಷಯ ಇದು.

ಸ್ನಾಯುಗಳನ್ನು ನಡೆಸುವ ಬೆನ್ನುಹುರಿಯ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು. ಆ ಕೋಶಗಳು ಬದುಕಲು ಬೇಕಾದ ಪ್ರೋಟೀನನ್ನು ಕೊಡುವ ಎಸ್‌ಎಂಎನ್1 ಜೀನ್ ಈ ಮಕ್ಕಳಲ್ಲಿ ಇರುವುದಿಲ್ಲ ಅಥವಾ ಕೆಟ್ಟಿರುತ್ತದೆ. ಅದರ ಜೋಡಿ ಎಸ್‌ಎಂಎನ್2 ಈ ಮಕ್ಕಳೆಲ್ಲರಲ್ಲೂ ಇದ್ದೇ ಇದೆ ಅನ್ನಬಹುದು. ಆದರೆ ಅದರ ಏಳನೇ ತುಂಡಿನಲ್ಲಿ ಒಂದಕ್ಷರ ಬೇರೆ. ಅಷ್ಟಕ್ಕೇ ಜೀವಕೋಶ ಆರ್‌ಎನ್‌ಎ ಜೋಡಿಸುವಾಗ ಆ ತುಂಡನ್ನು ಬಿಟ್ಟುಬಿಡುತ್ತದೆ. ಪೂರ್ಣ ಪ್ರೋಟೀನ್ ಸಿಗುವುದು ಹತ್ತರಲ್ಲಿ ಒಂದು ಪಾಲಿನಷ್ಟು. ತುಂಡು ಬಿಡಿಸುವ ಪ್ರೋಟೀನುಗಳು ಬಂದು ಕೂರುವ ಒಂದು ಜಾಗ ಆರ್‌ಎನ್‌ಎಯಲ್ಲಿದೆ. ಹದಿನೆಂಟು ಅಕ್ಷರಗಳ ನ್ಯೂಸಿನರ್ಸೆನ್, ಲೋಕಲ್ ಟ್ರೇನಿನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿದ ಹಾಗೆ, ಆ ಜಾಗವನ್ನು ಮೊದಲೇ ಹಿಡಿಯುತ್ತದೆ. ಏಳನೇ ತುಂಡು ಉಳಿಯುತ್ತದೆ, ಪೂರ್ಣ ಪ್ರೋಟೀನ್ ಹೆಚ್ಚುತ್ತದೆ. ಆ ಜಾಗವನ್ನು ಗುರುತಿಸಿದ್ದು ವಿಜ್ಞಾನಿ ರವೀಂದ್ರ ಸಿಂಗ್ ಅವರ ತಂಡ. ಮದ್ದು ಮಾಡಿದ್ದು ವಿಜ್ಞಾನಿ ಏಡ್ರಿಯನ್ ಕ್ರೈನರ್ ಮತ್ತು ಅಯೋನಿಸ್ ಎಂಬ ಔಷಧ ಕಂಪನಿ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ. ಮಗುವಿಗೆ ಎಸ್‌ಎಂಎನ್2ರ ಎಷ್ಟು ಪ್ರತಿಗಳಿವೆ ಎಂಬುದು ರಿಪೋರ್ಟಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕಾಯಿಲೆಯ ತೀವ್ರತೆ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.

ಬೆನ್ನಿಗೇ ಏಕೆ ಅಂದರೆ, ರಕ್ತಕ್ಕೆ ಕೊಟ್ಟ ಈ ಮದ್ದು ಮಿದುಳು, ಬೆನ್ನುಹುರಿಗಳೊಳಗೆ ದಾಟುವುದಿಲ್ಲ. ಸೊಂಟದ ಮೂಳೆಗಳ ನಡುವೆ ಸೂಜಿ ಹಾಕಿ 5 ಮಿ.ಲೀ. ಬೆನ್ನುಹುರಿ ದ್ರವ ತೆಗೆದು, 12 ಮಿ.ಗ್ರಾಂ. ಮದ್ದಿರುವ 5 ಮಿ.ಲೀ.ಯನ್ನು ಒಂದರಿಂದ ಮೂರು ನಿಮಿಷದಲ್ಲಿ ನಿಧಾನವಾಗಿ ಬಿಡುತ್ತಾರೆ. ರೂಢಿಯಲ್ಲಿರುವ ಈ 12 ಮಿ.ಗ್ರಾಂ. ಕ್ರಮದಲ್ಲಿ ಮೊದಲ ಮೂರು ಡೋಸ್ 14 ದಿನಕ್ಕೊಂದು, ನಾಲ್ಕನೆಯದು ಮೂರನೆಯದಾದ 30 ದಿನಕ್ಕೆ, ಆಮೇಲೆ ನಾಲ್ಕು ತಿಂಗಳಿಗೊಂದು. ಮೊದಲ ವರ್ಷ ಆರು, ನಂತರ ವರ್ಷಕ್ಕೆ ಮೂರು.

ಪ್ರತಿ ಡೋಸಿಗೂ ಮೊದಲು ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಮೂತ್ರದ ಪ್ರೋಟೀನ್ ಪರೀಕ್ಷೆ ಆಗಲೇಬೇಕು. ಈ ಜಾತಿಯ ಮದ್ದುಗಳಲ್ಲಿ ಪ್ಲೇಟ್‌ಲೆಟ್ ಇಳಿದದ್ದು, ಮೂತ್ರಪಿಂಡಕ್ಕೆ ತೊಂದರೆಯಾದದ್ದು ಕಂಡಿದೆ. ಸೂಜಿ ಹಾಕಿದ ಮೇಲೆ ತಲೆನೋವು, ವಾಂತಿ, ಬೆನ್ನುನೋವು ಬರಬಹುದು. ಮಾತು ಬಾರದ ಮಗುವಾದ್ದರಿಂದ ಅಳು, ಹಾಲು ಬೇಡವೆನ್ನುವುದು, ವಾಂತಿ ಇವನ್ನೇ ಗಮನಿಸಿ. ಬೆನ್ನು ಬಾಗುತ್ತಾ ಹೋದರೆ ಸೂಜಿಗೆ ದಾರಿ ಸಿಗುವುದು ಕಷ್ಟ, ಆಗ ಎಕ್ಸ್‌ರೇ ನೋಡುತ್ತಾ ಹಾಕಬೇಕಾಗುತ್ತದೆ. ಆದ್ದರಿಂದ ಫಿಸಿಯೋಥೆರಪಿಯನ್ನು ಮದ್ದಿನ ಜೊತೆಗೇ ನಡೆಸಿ.

ಮದ್ದಿನ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಐಸ್ ಪ್ಯಾಕಿಗೆ ನೇರ ತಾಗಿಸಿ ತರಬೇಡಿ. ಫ್ರಿಜ್ ಇಲ್ಲದ ಕಡೆ ಪೆಟ್ಟಿಗೆಯಲ್ಲೇ, 30 ಡಿಗ್ರಿ ಮೀರದಂತೆ, 14 ದಿನ ಇಡಬಹುದು ಎಂದು ತಯಾರಕರು ಹೇಳುತ್ತಾರೆ. ಮೇ ತಿಂಗಳ ಮುಂಬೈಯಲ್ಲಿ ನಿಲ್ಲಿಸಿದ ಕಾರು ಆ ಮಿತಿಯನ್ನು ಬೇಗ ದಾಟುತ್ತದೆ. ಸಿರಿಂಜಿಗೆ ಎಳೆದ ಮೇಲೆ ನಾಲ್ಕು ಗಂಟೆಯೊಳಗೆ ಕೊಡಬೇಕು.

ಪೂರ್ತಿ ವಾಸಿಯಾಗುತ್ತದಾ ಎಂದು ಕೇಳಿದ್ದೀರಿ. ಸತ್ತುಹೋದ ನರಕೋಶ ಹಿಂದಿರುಗುವುದಿಲ್ಲ. ಉಳಿದದ್ದನ್ನು ಕಾಪಾಡಬಹುದು, ಅದಕ್ಕೇ ತಡಮಾಡಬಾರದು. ನಿಮ್ಮ ಮಗುವಿನಂಥ, ಕೂರಬಲ್ಲ ಆದರೆ ನಡೆಯಲಾರದ 126 ಮಕ್ಕಳ ಮೇಲೆ ನಡೆದ ಪ್ರಯೋಗವಿದೆ. ಅವರ ವಯಸ್ಸು ಎರಡು ವರ್ಷಕ್ಕಿಂತ ಹೆಚ್ಚು. 15 ತಿಂಗಳ ಕೊನೆಗೆ ಚಲನೆಯ ಅಂಕದಲ್ಲಿ ಮದ್ದು ಪಡೆದವರು ಸರಾಸರಿ 4 ಏರಿದರು, ಪಡೆಯದವರು ಸುಮಾರು 2 ಇಳಿದರು. ಅಂಕಗಳ ಒಟ್ಟು ಮೊತ್ತ 66. ಇದು ದೊಡ್ಡ ಲಾಭ, ಆದರೆ ಓಡಾಡುವ ಮಗುವಿನ ಭರವಸೆ ಅಲ್ಲ. ಮೊದಲ ಡೋಸಿಗೆ ಮುಂಚೆ ಮಗುವಿನ ಅಂಕ ಬರೆಸಿ, ವಿಡಿಯೋ ತೆಗೆದಿಡಿ. ಮದ್ದು ಕೆಲಸ ಮಾಡುತ್ತಿದೆಯೇ ಎಂದು ಮುಂದೆ ತೀರ್ಮಾನಿಸಲು ಬೇರೆ ಆಧಾರ ಇರುವುದಿಲ್ಲ.

ಹಣದ ಮಾತು. ಕೇಂದ್ರದ ಅಪರೂಪದ ಕಾಯಿಲೆಗಳ ಯೋಜನೆಯಲ್ಲಿ 50 ಲಕ್ಷದವರೆಗೆ ನೆರವಿದೆ. ಅದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯೂ ಒಂದು. ಅಲ್ಲಿ ಈ ವಾರವೇ ಹೆಸರು ಬರೆಸಿ. ಆದರೆ ವರ್ಷವರ್ಷವೂ ಬೇಕಾದ ಮದ್ದಿಗೆ ಆ ಮೊತ್ತ ಎಷ್ಟು ದಿನ ಬರುತ್ತದೆ? ದಿನಕ್ಕೊಮ್ಮೆ ಬಾಯಿಗೆ ಕೊಡುವ ರಿಸ್ಡಿಪ್ಲಾಮ್ ಕೂಡ ಇದೇ ಎಸ್‌ಎಂಎನ್2ರ ಮೇಲೆ ಕೆಲಸ ಮಾಡುತ್ತದೆ, ಬೆನ್ನಿಗೆ ಸೂಜಿ ಬೇಡ. ನಮ್ಮ ಮಗುವಿಗೆ ಅದು ಏಕೆ ಆಗದು ಅಥವಾ ಏಕೆ ಆಗಬಹುದು ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಉತ್ತರ ಸಿಗುವವರೆಗೆ ತೋಟ ಮಾರಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಾಲ ಮಾಡಿ ನಾಲ್ಕು ಡೋಸ್ ಕೊಡಿಸಿ ಐದನೆಯದಕ್ಕೆ ಕೈಖಾಲಿಯಾದರೆ ಗಳಿಸಿದ್ದೂ ಜಾರುತ್ತದೆ.

ಇನ್ನೊಂದು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆಯೂ ಕೆಟ್ಟ ಜೀನಿನ ಒಂದು ಪ್ರತಿ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮ ತಮ್ಮ ವಾಹಕನಾಗಿದ್ದರೆ ನೀವೂ ಆಗಿರಬಹುದು. ನಿಮ್ಮ ಮಕ್ಕಳ ಮದುವೆ ಸಂಬಂಧದೊಳಗೇ ಆಗುವುದಿದ್ದರೆ ಮೊದಲೇ ರಕ್ತಪರೀಕ್ಷೆ ಮಾಡಿಸಿ. ತಮ್ಮನ ಹೆಂಡತಿ ಮತ್ತೆ ಬಸಿರಾದರೆ 11ರಿಂದ 13ನೇ ವಾರದೊಳಗೆ ಮಾಸುವಿನ ಚೂರು ತೆಗೆದು ಪರೀಕ್ಷಿಸಬಹುದು. ಅದಕ್ಕೆ ಈ ಮಗುವಿನ ಜೀನ್ ರಿಪೋರ್ಟ್ ಬೇಕು, ಜೋಪಾನವಾಗಿಡಿ.