ಏಳು ಬೋನಸ್, ಖಾಲಿ ಅಂಕಣ

ಪ್ರಿಯ ತಮ್ಮಾ,

ನಿಮ್ಮ ‘ಸೋತರೂ ತಲೆ ತಗ್ಗಿಸದವರು’ ತಲುಪಿತು. ಜೇವರ್ಗಿ ಕಡೆಯ ಹಳ್ಳಿಯೊಂದರ ಕಬಡ್ಡಿ ತಂಡ ಕಲಬುರಗಿಗೆ ಬಂದು ಲೀಗ್ ಆಡಿ, ತನಗಿಂತ ಬಲವಾದ ಮೂರು ತಂಡಗಳ ಎದುರು ಸೋತ ಕಥನ. ಹಗಲೆಲ್ಲ ತೊಗರಿ ಹೊಲದಲ್ಲೋ ಗ್ಯಾರೇಜಿನಲ್ಲೋ ದುಡಿದು ಸಂಜೆ ಅಂಕಣಕ್ಕೆ ಇಳಿಯುವ ಹುಡುಗರ ಬಗ್ಗೆ ಬರೆಯಲು ಹೊರಟಿದ್ದೀರಿ, ಸಂತೋಷ. ಒಂದು ಜೊತೆ ಮೊಣಕಾಲು ಪ್ಯಾಡನ್ನು ಇಬ್ಬರು ಒಂದೊಂದು ಕಾಲಿಗೆ ಹಾಕಿಕೊಂಡ ಸಾಲು ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಮೆಚ್ಚುಗೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಎರಡನೇ ಪಂದ್ಯದ ಭಾಗ ಓದುವಾಗ ನನಗೆ ಸಿಟ್ಟು ಬಂತು, ಈ ಕಾಗದ ಬರೆಯುವಾಗಲೂ ಅದು ಪೂರ್ತಿ ಇಳಿದಿಲ್ಲ.

ಆ ಭಾಗದ ಮೊದಲ ಸಾಲು: ‘ಕೂದಲೆಳೆಯ ಅಂತರದಲ್ಲಿ ಗೆಲುವು ಕೈತಪ್ಪಿತು.’ ಬರಹದ ಜೊತೆ ನೀವೇ ಕಳಿಸಿದ ಸ್ಕೋರ್ ಶೀಟಿನ ಫೋಟೊದಲ್ಲಿ 24–38 ಎಂದಿದೆ. ಹದಿನಾಲ್ಕು ಅಂಕದ ಸೋಲು. 29–34ರಲ್ಲಿ ಸೋತ ಮೊದಲ ಪಂದ್ಯಕ್ಕೂ ನೀವು ಇದೇ ಕೂದಲೆಳೆ ಬಳಸಿದ್ದೀರಿ. ನಿಮ್ಮ ಲೀಗಿನಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೆ ಒಂದು ಅಂಕ ಕೊಡುತ್ತಾರೆಂದು ನೀವೇ ಬರೆದಿದ್ದೀರಲ್ಲ. ಪ್ರೊ ಕಬಡ್ಡಿಯಲ್ಲಿ ವರ್ಷಗಟ್ಟಲೆ ನಡೆದ ಪದ್ಧತಿ ಅದು, ರಗ್ಬಿಯ ಹಲವು ಲೀಗುಗಳಲ್ಲೂ ಏಳರೊಳಗಿನ ಸೋಲಿಗೆ ಒಂದು ಬೋನಸ್ ಅಂಕ ಉಂಟು. ಅಂದರೆ ಮೊದಲ ಸೋಲು ನಿಮ್ಮವರಿಗೆ ಪಟ್ಟಿಯಲ್ಲಿ ಒಂದು ಅಂಕ ತಂದಿತು, ಎರಡನೆಯದು ಸೊನ್ನೆ. ಹುಡುಗರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಅವರ ಬಗ್ಗೆ ಬರೆಯುವವರು ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಅಂತರವನ್ನು ಐದು ಅಂಕಕ್ಕೆ ಇಳಿಸಿ ಆಡಿದ ಆ ಮೊದಲ ದಿನದ ಬೆವರಿಗೆ ಬೆಲೆ ಏನು?

ಎರಡನೇ ಸಾಲು: ‘ಎದುರಿಗೆ ನೂರು ಕೆಜಿಯ ದೈತ್ಯರು.’ ಹಿರಿಯ ಪುರುಷರ ವಿಭಾಗದಲ್ಲಿ ತೂಕದ ಮಿತಿ 85 ಕೆಜಿ. ನೂರು ಕೆಜಿಯವನು ತಕ್ಕಡಿ ದಾಟಿ ಅಂಕಣಕ್ಕೇ ಬರಲಾರ. ಎದುರಿನವರು ನಿಮ್ಮವರಿಗಿಂತ ಭಾರವಿದ್ದರೆ ಎಷ್ಟು ಭಾರ ಎಂದು ಬರೆಯಿರಿ. ಮೂಲೆ ಕಾಯುವ 68 ಕೆಜಿಯ ಕಾರ್ನರ್ ಆಟಗಾರ 84 ಕೆಜಿಯ ರೈಡರನ ಕಾಲು ಹಿಡಿದ ಎಂದರೆ ಸಾಕು, ದೈತ್ಯ ತಾನೇ ಬರುತ್ತಾನೆ.

ಈಗ ನನ್ನನ್ನು ನಿಜವಾಗಿ ಕೆಣಕಿದ ಸಾಲಿಗೆ ಬರುತ್ತೇನೆ. ‘ಬೋನಸ್ ಮೇಲೆ ಬೋನಸ್ ತಂದು, ಔಟಾಗಿ ಕುಳಿತಿದ್ದ ಗೆಳೆಯರನ್ನು ಒಬ್ಬೊಬ್ಬರಾಗಿ ಅಂಕಣಕ್ಕೆ ಮರಳಿಸಿದರು.’

ತಮ್ಮಾ, ರೈಡರ್ ಯಾರನ್ನೂ ಮುಟ್ಟದೆ ಬೋನಸ್ ಗೆರೆಯಾಚೆ ಕಾಲಿಟ್ಟು ತರುವ ಬೋನಸ್ ಅಂಕಕ್ಕೆ ಯಾರೂ ಒಳಗೆ ಬರುವುದಿಲ್ಲ. ಎದುರಾಳಿಯನ್ನು ಮುಟ್ಟಿ ಬಂದರೆ, ಇಲ್ಲವೇ ಅವರ ರೈಡರನ್ನು ಹಿಡಿದರೆ, ಔಟಾದ ತಲೆಗೆ ಒಬ್ಬರಂತೆ ನಮ್ಮವರು ಮರಳುತ್ತಾರೆ. ಎದುರಿನವರನ್ನೆಲ್ಲ ಔಟ್ ಮಾಡಿದಾಗ ಸಿಗುವ ಲೋನಾದ ಎರಡು ಅಂಕಕ್ಕೂ ಯಾರೂ ಬರುವುದಿಲ್ಲ, ಮೂವರೇ ಉಳಿದಾಗ ರೈಡರನ್ನು ಹಿಡಿದ ಸೂಪರ್ ಟ್ಯಾಕಲ್‌ಗೆ ಸಿಗುವ ಹೆಚ್ಚಿನ ಒಂದು ಅಂಕಕ್ಕೂ ಇಲ್ಲ. ಇದು ಬರೇ ನಿಯಮದ ತಪ್ಪಾಗಿದ್ದರೆ ತಿದ್ದಿ ಸುಮ್ಮನಾಗುತ್ತಿದ್ದೆ. ನಿಮ್ಮ ತಂಡ ಆ ಪಂದ್ಯ ಸೋತದ್ದೇ ಇಲ್ಲಿ, ಆ ಜಾಗವನ್ನೇ ನೀವು ಸಾಹಸವೆಂದು ಹಾಡಿ ಹೊಗಳಿದ್ದೀರಿ.

ಸ್ಕೋರ್ ಶೀಟ್ ಮತ್ತೆ ತೆಗೆದು ನೋಡಿ. ವಿರಾಮಕ್ಕೆ 13–15. ನಿಮ್ಮವರು ನಾಲ್ವರು ಒಳಗೆ, ಮೂವರು ಹೊರಗೆ. ದ್ವಿತೀಯಾರ್ಧದಲ್ಲಿ ನಿಮಗೆ ಬಂದದ್ದು ಹನ್ನೊಂದು ಅಂಕ, ಅದರಲ್ಲಿ ಏಳಕ್ಕೆ ಸ್ಕೋರರ್ ತ್ರಿಕೋನ ಹಾಕಿದ್ದಾರೆ. ಆ ಏಳೂ ಬೋನಸ್. ಮುಟ್ಟಿದ್ದು, ಹಿಡಿದದ್ದು ಎಲ್ಲ ಸೇರಿ ನಾಲ್ಕೇ. ಎದುರಿನವರು ಗಳಿಸಿದ 23ರಲ್ಲಿ ನಾಲ್ಕು ಎರಡು ಲೋನಾದವು, ಉಳಿದ 19 ನಿಮ್ಮವರು ಔಟಾದ ಲೆಕ್ಕ. ಹತ್ತೊಂಬತ್ತು ತಲೆ ಹೊರಗೆ ಹೋಗಿವೆ, ಗಳಿಸಿ ಒಳಗೆ ತಂದದ್ದು ನಾಲ್ಕು. ಎರಡು ಸಲ ಆಲೌಟಾಗಿ ಏಳೇಳು ಮಂದಿ ಹೇಗೂ ಮರಳಿದರು, ಅಷ್ಟಾದರೂ ಕೊನೆಯ ಸೀಟಿ ಊದಿದಾಗ ಅಂಕಣದಲ್ಲಿ ನಿಂತಿದ್ದವರು ಮೂವರು. ಹಗೇವಿನ ಜೋಳ ತಳ ಕಾಣುತ್ತಿರುವಾಗ ಅಂಗಳದಲ್ಲಿ ರಾಶಿಪೂಜೆ ಮಾಡಿದಂತಾಯಿತು ನಿಮ್ಮ ಪ್ಯಾರಾ.

ಎದುರಿನ ತಂಡ ಆ ಬೋನಸ್‌ಗಳನ್ನು ಬಿಟ್ಟುಕೊಟ್ಟಿದೆ. ಇದನ್ನು ನೀವು ಕಾಣಬೇಕಿತ್ತು. ಬೋನಸ್ ಗೆರೆ ನಡುಗೆರೆಯಿಂದ 4.75 ಮೀಟರ್ ದೂರ. ರೈಡರ್ ದಾಟಲೇಬೇಕಾದ ಬಾಕ್ ಗೆರೆಗೆ 3.75, ಅಲ್ಲಿಂದ ಇನ್ನೊಂದು ಮೀಟರ್. ಒಂದು ಕಾಲು ಬೋನಸ್ ಗೆರೆಯಾಚೆ ಊರಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು, ಅಂಕಣದಲ್ಲಿ ಕನಿಷ್ಠ ಆರು ಜನ ರಕ್ಷಕರಿರಬೇಕು. ಕಾಲು ಅಷ್ಟು ಒಳಗೆ ಹೋದ ರೈಡರನನ್ನು ಕಾರ್ನರ್‌ನವರು ಹಿಡಿಯಲು ಹೋಗಬಹುದು. ಹೋದರೆ ಟಚ್ ಕೊಡುವ ಭಯವೂ ಉಂಟು. ಅನುಭವಿ ತಂಡ ಮುಂದಿರುವಾಗ ಕಾರ್ನರ್‌ಗಳು ಒಂದು ಹೆಜ್ಜೆ ಹಿಂದೆ ಸರಿದು ‘ತಗೊಂಡು ಹೋಗು’ ಎನ್ನುತ್ತವೆ. ಹಲಗೆಯ ಮೇಲೆ ನಿಮ್ಮ ಅಂಕ ಏರುತ್ತದೆ, ಬೆಂಚಿನ ಮೇಲೆ ಕುಳಿತವರು ಕುಳಿತಲ್ಲೇ ಇರುತ್ತಾರೆ. ಬೋನಸ್ ಬಿದ್ದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು ಎಂದು ಬರೆದಿದ್ದೀರಿ. ತಟ್ಟಿರುತ್ತಾರೆ, ತಟ್ಟಲಿ. ಬರೆಯುವವರು ಚಪ್ಪಾಳೆ ಬಿಟ್ಟು ಬೆಂಚಿನ ಕಡೆ ನೋಡಬೇಕಿತ್ತು.

ಬೆಂಚಿನಲ್ಲಿ ಯಾರಿದ್ದರು ಎಂಬುದೂ ನಿಮ್ಮ ಬರಹದಲ್ಲೇ ಇದೆ. ‘ನಮ್ಮ ಮುಖ್ಯ ರೈಡರ್ ಎಂಟು ನಿಮಿಷ ಹೊರಗೆ ಕುಳಿತು ಚಡಪಡಿಸಿದ, ಅದೃಷ್ಟ ಒಲಿಯಲಿಲ್ಲ.’ ಅದೃಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಔಟಾದ ಕ್ರಮದಲ್ಲೇ ಆಟಗಾರರು ಮರಳುವುದು, ಮೊದಲು ಹೋದವನು ಮೊದಲು. ನೀವು ಬರೆದ ಪ್ರಕಾರ 24ನೇ ನಿಮಿಷಕ್ಕೆ ಮೊದಲ ಲೋನಾ, ಏಳೂ ಮಂದಿ ಒಳಗೆ ಬಂದರು. 27ಕ್ಕೆ ಅವನು ಮೂರನೆಯವನಾಗಿ ಔಟಾದ. ಅಂದರೆ ಮೂರು ಟಚ್ ಅಥವಾ ಹಿಡಿತ ಸಿಕ್ಕರೆ ಮಾತ್ರ ಅವನ ಸರದಿ. ಶೀಟಿನಂತೆ ಆ ನಡುವೆ ಸಿಕ್ಕದ್ದು ಎರಡು, ಅವನ ಮುಂದಿದ್ದ ಇಬ್ಬರು ಒಳಗೆ ಹೋದರು. ಅದೇ ಹೊತ್ತಿನಲ್ಲಿ ಬೋನಸ್ ಎಷ್ಟು ಬಂದವು? ನಾಲ್ಕು. ಅವುಗಳಲ್ಲಿ ಒಂದೇ ಒಂದು ಟಚ್ ಆಗಿದ್ದರೆ ಅವನು ಒಳಗಿರುತ್ತಿದ್ದ. 35ನೇ ನಿಮಿಷಕ್ಕೆ ಎರಡನೇ ಲೋನಾ ಬಿದ್ದ ಮೇಲಷ್ಟೇ ಅವನು ಎದ್ದದ್ದು, ಆ ಹೊತ್ತಿಗೆ ಪಂದ್ಯ ಮುಗಿದಿತ್ತು. ನಿಮ್ಮ ಇಡೀ ಲೇಖನದ ಜೀವ ಈ ಎಂಟು ನಿಮಿಷದಲ್ಲಿದೆ, ಅದಕ್ಕೆ ನೀವು ಕೊಟ್ಟದ್ದು ಅರ್ಧ ವಾಕ್ಯ.

ಒಬ್ಬ ರೈಡರನ ಮೇಲೆ ಪಂದ್ಯ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ದೊಡ್ಡ ಆಟದಿಂದ ಒಂದು ಉದಾಹರಣೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಆ 38ರಲ್ಲಿ 22 ಅಂಕ ಪವನ್ ಶೆಹ್ರಾವತ್ ಒಬ್ಬರವು. ಗುಜರಾತಿನ ಸೋಲನ್ನು ಬರೆಯಲು ಕೂತವರು ಪವನ್ ಎಷ್ಟು ಹೊತ್ತು ಅಂಕಣದಲ್ಲಿದ್ದರು, ಅವರನ್ನು ಹೊರಗಿಡಲು ಯಾರಿಗೆ ಆಗಲಿಲ್ಲ ಎಂಬುದರಿಂದಲೇ ಶುರು ಮಾಡಬೇಕು. ನಿಮ್ಮದು ಅದರ ತಿರುವುಮುರುವು, ಅಷ್ಟೇ.

ನಾನು ಕೆಲಸ ಕಲಿತದ್ದು ಕಲಬುರಗಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ. ಸೇಡಂ, ಚಿಂಚೋಳಿ, ಸುರಪುರದಿಂದ ಫಲಿತಾಂಶಗಳು ಫೋನಿನಲ್ಲಿ ಬರುತ್ತಿದ್ದ ಕಾಲ. ಕ್ರೀಡಾ ಸುದ್ದಿ ನೋಡುತ್ತಿದ್ದ ಹಿರಿಯ ಉಪಸಂಪಾದಕರು ಒಂದು ಕ್ರಮ ಹಾಕಿಕೊಟ್ಟಿದ್ದರು: ಮೊದಲು ಅಂತಿಮ ಅಂಕ, ಆಮೇಲೆ ವಿರಾಮದ ಅಂಕ, ಆಮೇಲೆ ಲೋನಾ ಬಿದ್ದ ನಿಮಿಷ, ಆಮೇಲೆ ಹೆಸರುಗಳು. ವೀರಾವೇಶ, ಕೆಚ್ಚೆದೆ, ಛಲ ಇತ್ಯಾದಿಗೆ ಜಾಗ ಉಳಿದರೆ ನೋಡೋಣ ಎನ್ನುತ್ತಿದ್ದರು. ಉಳಿಯುತ್ತಿರಲಿಲ್ಲ. ಸೋತ ತಂಡಕ್ಕೆ ಸಿಗುತ್ತಿದ್ದದ್ದು ಕೊನೆಯ ವಾಕ್ಯ ಮಾತ್ರ. ಹೀಗಾಗಿ ಆ ಒಂದು ವಾಕ್ಯದಲ್ಲಿ ಸೋಲು ಯಾವ ನಿಮಿಷಕ್ಕೆ ಶುರುವಾಯಿತು ಎಂದು ಹೇಳಲೇಬೇಕು ಅಂತ ಹಟ ಹಿಡಿಯುತ್ತಿದ್ದರು. ವಿರಾಮದ ಅಂಕ ಕೇಳದೆ ಫೋನ್ ಇಟ್ಟರೆ ಮತ್ತೆ ಟ್ರಂಕ್ ಕಾಲ್ ಹಾಕಿಸುತ್ತಿದ್ದರು. ನಿಮಗೆ ಒಂದು ವಾಕ್ಯದ ಮಿತಿಯಿಲ್ಲ, ಆರು ಪುಟ ಬರೆದಿದ್ದೀರಿ. ಆರರಲ್ಲಿ ‘ಛಲ’ ಹನ್ನೆರಡು ಸಲ ಇದೆ, ‘ಲೋನಾ’ ಎರಡು ಸಲ.

ಇನ್ನೊಂದು ಸಾಲು, ಇದೇ ಕೊನೆಯದು. ‘ಮೂವರೇ ಉಳಿದಿದ್ದರು, ಆದರೂ ಎದೆಗುಂದಲಿಲ್ಲ. ಆದರೆ ವಿಧಿ ಕೈಕೊಟ್ಟಿತು.’ ಮೂವರು ಉಳಿದಾಗ ಹಿಡಿದರೆ ಒಂದರ ಬದಲು ಎರಡು ಅಂಕ, ಅದೇ ಸೂಪರ್ ಟ್ಯಾಕಲ್. ಹಾಗಾಗಿ ಮೂವರಾದಾಗ ದುರ್ಬಲ ತಂಡಕ್ಕೂ ಪಂದ್ಯ ತಿರುಗಿಸುವ ಒಂದು ಬಾಗಿಲು ತೆರೆಯುತ್ತದೆ. ನಿಮ್ಮ ಶೀಟಿನಲ್ಲಿ ಸೂಪರ್ ಟ್ಯಾಕಲ್ ಒಂದೂ ಇಲ್ಲ. 35ನೇ ನಿಮಿಷದ ಒಂದೇ ರೈಡಿನಲ್ಲಿ ಮೂವರೂ ಔಟ್, ಮೇಲೆ ಲೋನಾದ ಎರಡು, ಒಟ್ಟು ಐದು ಅಂಕ ಹೋಗಿದೆ. ವಿಧಿಯ ಕೈ ಇಲ್ಲೆಲ್ಲಿದೆ? ಮೂವರೂ ಎದುರಿನ ರೈಡರನನ್ನು ಹಿಡಿದಿರಬೇಕು, ಅವನು ಎಳೆದುಕೊಂಡೇ ನಡುಗೆರೆಗೆ ಕೈ ಚಾಚಿರಬೇಕು. ಕಾರ್ನರ್‌ನವನು ಹಿಂದಿನಿಂದ ಪಾದ ಹಿಡಿದರೆ ಸಾಲದು, ಮೂಲೆಗಿಂತ ಒಳಗೆ ನಿಲ್ಲುವ ಕವರ್‌ನವನು ರೈಡರ್ ಮತ್ತು ನಡುಗೆರೆಯ ಮಧ್ಯೆ ಬಂದು ಅಡ್ಡ ನಿಲ್ಲಬೇಕು. ಮೂವರೂ ಹಿಂದಿನಿಂದ, ಪಕ್ಕದಿಂದ ಬಿದ್ದರೆ ಅವನ ಓಟದ ದಿಕ್ಕಿಗೇ ತಳ್ಳಿದಂತೆ.

ಇಲ್ಲಿ ನಿಮ್ಮೂರ ಮಣ್ಣು ಕೆಲಸಕ್ಕೆ ಬರುತ್ತದೆ. ನೀವು ಅದನ್ನು ಮೊದಲ ಪುಟದಲ್ಲಿ ‘ಬಡತನದ ಮಣ್ಣು’ ಎಂದು ಮುಗಿಸಿಬಿಟ್ಟಿದ್ದೀರಿ. ಭೀಮೆಯ ಸೀಮೆಯ ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಹಿಟ್ಟಿನಂತೆ ಅಂಟುತ್ತದೆ. ಅದರ ಮೇಲೆ ಆಡಲಾಗದೆ ಮುರುಮ ತುಂಬಿ, ಜರಡಿ ಹಿಡಿದ ಮಣ್ಣು ಹಾಸಿ, ನೀರು ಚಿಮುಕಿಸಿ ಅಂಕಣ ಮಾಡಿಕೊಂಡಿರುತ್ತಾರೆ. ಅಲ್ಲಿ ಬರಿಗಾಲು. ಸಡಿಲ ಮಣ್ಣಿನಲ್ಲಿ ರೈಡರನ ಕಾಲು ಕೊಂಚ ಹೂತು ತಿರುಗುವುದು ತಡವಾಗುತ್ತದೆ, ಆ ತಡಕ್ಕೆ ರಕ್ಷಕರ ಕೈ ಒಗ್ಗಿರುತ್ತದೆ. ಲೀಗ್ ನಡೆದದ್ದು ಮ್ಯಾಟ್ ಮೇಲೆ, ಶೂ ಹಾಕಿಕೊಂಡು. ಅಲ್ಲಿ ಸೋಲ್ ಹಿಡಿತ ಕೊಟ್ಟು ಮೊದಲ ಹೆಜ್ಜೆಯೇ ಜೋರಾಗಿ ಚಿಮ್ಮುತ್ತದೆ, ಮಣ್ಣಿನ ಲೆಕ್ಕದಲ್ಲಿ ಬಂದ ಕೈ ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ. ಆ ಐದು ಅಂಕ ಹೋದದ್ದು ಹೀಗೇ ಎಂದು ನಾನು ಹೇಳುತ್ತಿಲ್ಲ, ನಾನು ಅಲ್ಲಿರಲಿಲ್ಲ. ಕವರ್‌ನಲ್ಲಿ ಆಡಿದ ಹುಡುಗ ಇದ್ದ. ಅವನನ್ನು ಕೇಳಿ. ಮ್ಯಾಟ್ ಮೇಲೆ ಅಭ್ಯಾಸ ಎಲ್ಲಾದರೂ ಸಿಕ್ಕಿತ್ತೋ, ಶೂ ಯಾವಾಗ ಕೊಂಡರು, ಅದನ್ನೂ ಕೇಳಿ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೂರನೇ ಪಂದ್ಯ ಬಿಟ್ಟುಬಿಡಿ, ಮೊದಲನೆಯದಕ್ಕೆ ಒಂದು ಪ್ಯಾರಾ ಸಾಕು. ಎರಡನೇ ಪಂದ್ಯದ 27ರಿಂದ 35ನೇ ನಿಮಿಷದವರೆಗಿನದನ್ನು ಸಾವಿರ ಪದದಲ್ಲಿ ಬರೆದು ಕಳಿಸಿ. ಬೆಂಚಿನಲ್ಲಿದ್ದ ರೈಡರ್, ಬೋನಸ್ ತಂದ ಇಬ್ಬರು, ಆ ಕವರ್ ಆಟಗಾರ, ಈ ನಾಲ್ವರನ್ನೂ ಬೇರೆಬೇರೆಯಾಗಿ ಮಾತಾಡಿಸಿ. ಒಟ್ಟಿಗೆ ಕೂರಿಸಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದೃಷ್ಟದ ಮೇಲೆ ಹಾಕಿಬಿಡುತ್ತಾರೆ. ಸ್ಕೋರ್ ಶೀಟಿನ ಫೋಟೊದಲ್ಲಿ ಬಲಗಡೆಯ ಅಂಚು ಕತ್ತರಿಸಿಹೋಗಿದೆ, ಟೈಮ್ ಔಟ್ ಬರೆಯುವ ಜಾಗ ಕಾಣುತ್ತಿಲ್ಲ. ಆ ಎಂಟು ನಿಮಿಷದಲ್ಲಿ ನಿಮ್ಮ ಕೋಚ್ ಟೈಮ್ ಔಟ್ ತೆಗೆದುಕೊಂಡರೋ ಇಲ್ಲವೋ ನನಗೆ ತಿಳಿಯಬೇಕು. ಪೂರ್ತಿ ಹಾಳೆಯ ಫೋಟೊ ಮತ್ತೆ ತೆಗೆದು ಕಳಿಸಿರಿ.

ಇಂತಿ,
ಸಂಪಾದಕ